ಮೊದಲ ಸೆಷನ್ನಿನಲ್ಲಿ ಕ್ಲೈಂಟ್ ಮಾತೇ ಆಡುವುದಿಲ್ಲ, ಏನು ಮಾಡಲಿ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಆಪ್ತಸಮಾಲೋಚನೆ ಕಲಿಯುತ್ತಿರುವವರವು. ತರಗತಿಯಲ್ಲಿ ಸಹಪಾಠಿಗಳ ಜೊತೆ ರೋಲ್ ಪ್ಲೇ ಮುಗಿಸಿ, ಈಗಷ್ಟೇ ನಿಜವಾದ ಕ್ಲೈಂಟ್ ಎದುರು ಕೂತವರು. ಒಂದು ಪತ್ರ ಮಾತ್ರ ಎದುರಿನ ಕುರ್ಚಿಯಿಂದ ಬಂದಿದೆ. ಗುರುತು ಸಿಗುವ ವಿವರಗಳನ್ನು ತೆಗೆದು ಪ್ರಶ್ನೆಗಳನ್ನು ಚಿಕ್ಕದು ಮಾಡಿದ್ದೇವೆ. ಉತ್ತರಗಳಲ್ಲಿ ಬರುವ ಸಂಭಾಷಣೆಗಳು ಯಾರ ಸೆಷನ್ನಿನಿಂದಲೂ ತೆಗೆದವಲ್ಲ, ವಿಷಯ ತಿಳಿಯಲೆಂದು ಬರೆದವು.

ಪ್ರಶ್ನೆ: ಇಪ್ಪತ್ತು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಕ್ಲೈಂಟ್ ‘ಹೌದು’, ‘ಇಲ್ಲ’, ‘ಗೊತ್ತಿಲ್ಲ’ ಅಂತಲೇ ಉತ್ತರ ಕೊಟ್ಟರು. ಹದಿನೈದು ನಿಮಿಷಕ್ಕೆ ಪಟ್ಟಿ ಖಾಲಿ. ಮಾತು ಕಡಿಮೆ ಇರುವ ಕ್ಲೈಂಟ್ ಬಂದರೆ ಹೇಗೆ ಮುಂದುವರಿಸಬೇಕು?

ಉತ್ತರ: ‘ಮಾತು ಕಡಿಮೆ’ ಅಂತ ಅವರ ಫೈಲಿನಲ್ಲಿ ಬರೆಯುವ ಮೊದಲು, ಪ್ರತಿ ಚಿಕ್ಕ ಉತ್ತರದ ಹಿಂದೆ ನೀವು ಆಡಿದ ಮಾತು ಯಾವುದು ಅಂತ ನೋಡಿ. ಮೊದಲ ಸೆಷನ್ನಿಗೆ ಬಂದವರಿಗೆ ಇಲ್ಲಿ ಹೇಗೆ ಮಾತಾಡಬೇಕು ಅನ್ನುವುದು ಗೊತ್ತಿರುವುದಿಲ್ಲ. ಅವರು ಅದನ್ನು ನಿಮ್ಮ ಮಾತಿನಿಂದಲೇ ಕಲಿಯುತ್ತಾರೆ. ಮೂರು ಪ್ರಶ್ನೆ ಸಾಲಾಗಿ ಕೇಳಿದಿರೋ, ‘ಓ, ಇಲ್ಲಿ ಇವರು ಕೇಳ್ತಾರೆ, ನಾನು ಉತ್ತರ ಕೊಟ್ಟು ಸುಮ್ಮನಾಗಬೇಕು’ ಅಂತ ತಿಳಿದುಕೊಂಡು ಹಾಗೇ ನಡೆದುಕೊಳ್ಳುತ್ತಾರೆ. ಇದನ್ನು ನೋಡಿ:

ಕ್ಲೈಂಟ್: ಆಫೀಸಿಂದ ಬಂದ್ಮೇಲೆ ಯಾರ ಹತ್ರಾನೂ ಮಾತಾಡೋಕೆ ಮನಸ್ಸಾಗಲ್ಲ. ಸುಮ್ನೆ ಕೂತಿರ್ತೀನಿ.
ಟ್ರೈನಿ: ಎಷ್ಟು ದಿನದಿಂದ ಹೀಗೆ?
ಕ್ಲೈಂಟ್: ಮೂರು ತಿಂಗ್ಳು.
ಟ್ರೈನಿ: ಸರಿ. ನಿದ್ದೆ ಸರಿಯಾಗಿ ಬರತ್ತಾ?
ಕ್ಲೈಂಟ್: ಹ್ಞೂಂ, ಬರತ್ತೆ.
ಟ್ರೈನಿ: ಊಟ?
ಕ್ಲೈಂಟ್: ಮಾಡ್ತೀನಿ.

ಎಂಟು ಪದ, ಎರಡು, ಎರಡು, ಒಂದು. ಕ್ಲೈಂಟ್ ಶುರು ಮಾಡಿದ್ದು ಮಾತಿನಿಂದಲೇ. ಅದನ್ನು ಸಣ್ಣದು ಮಾಡುತ್ತಾ ಹೋದದ್ದು ಟ್ರೈನಿ. ‘ಸುಮ್ನೆ ಕೂತಿರ್ತೀನಿ’ ಅನ್ನುವುದು ಆ ಮಾತಿನಲ್ಲಿ ತೂಕದ ತುಂಡು, ಅದನ್ನು ಯಾರೂ ಮುಟ್ಟಲಿಲ್ಲ. ಅದೇ ಜಾಗದಿಂದ ಇನ್ನೊಂದು ದಾರಿ ಹೀಗಿದೆ:

ಟ್ರೈನಿ: ಸುಮ್ನೆ ಕೂತಿರ್ತೀರ.
(ಮೂರ್ನಾಲ್ಕು ಸೆಕೆಂಡ್)
ಕ್ಲೈಂಟ್: ಹ್ಞೂಂ... ಟೀವಿ ಹಾಕಿರ್ತೀನಿ, ನೋಡ್ತಿರಲ್ಲ. ಅವ್ಳು ಬಂದು ಏನಾದ್ರೂ ಕೇಳಿಬಿಟ್ರೆ ಅಂತ ಒಂಥರಾ ಭಯ.

ಕ್ಲೈಂಟ್ ಹೇಳಿದ್ದನ್ನು ನಮಗೆ ಅರ್ಥವಾದ ಹಾಗೆ ತಿರುಗಿ ಹೇಳುವುದಕ್ಕೆ ತರಬೇತಿಯಲ್ಲಿ ರಿಫ್ಲೆಕ್ಷನ್ ಅನ್ನುತ್ತಾರೆ. ಕನ್ನಡದಲ್ಲಿ ಪ್ರಶ್ನೆಗೂ ರಿಫ್ಲೆಕ್ಷನ್ನಿಗೂ ಇರುವ ಅಂತರ ಎಷ್ಟೋ ಸಲ ಕೊನೆಯ ಒಂದು ಸ್ವರದ್ದು. ‘ಯಾರಿಗೂ ಹೇಳೋಕಾಗ್ಲಿಲ್ವಾ?’ ಅಂದರೆ ‘ಇಲ್ಲ’ ಅಂದು ಮುಗಿಸಬಹುದು. ‘ಯಾರಿಗೂ ಹೇಳೋಕಾಗ್ಲಿಲ್ಲ’ ಅಂತ ದನಿ ಇಳಿಸಿ ನಿಲ್ಲಿಸಿದರೆ, ಬರೀ ‘ಇಲ್ಲ’ ಅನ್ನುವುದು ಅವರಿಗೇ ಸಾಲದು ಅನ್ನಿಸುತ್ತದೆ. ಹೊಸಬರು ಧೈರ್ಯ ಸಾಲದೆ ಕೊನೆಗೆ ಒಂದು ‘ಅಲ್ವಾ?’ ಸೇರಿಸುತ್ತಾರೆ. ಆ ‘ಅಲ್ವಾ’ ಕೇಳುವುದು ಬರೀ ಒಪ್ಪಿಗೆಯನ್ನು, ಸಿಗುವುದೂ ಅಷ್ಟೇ.

ಇನ್ನೆರಡು ಅಭ್ಯಾಸ ಗಮನಿಸಿಕೊಳ್ಳಿ. ಒಂದು, ಪ್ರಶ್ನೆಯ ಜೊತೆಗೇ ಉತ್ತರವನ್ನೂ ಕೈಗಿಡುವುದು: ‘ಆಗ ನಿಮಗೇನನ್ನಿಸ್ತು? ಬೇಜಾರಾಯ್ತಾ? ಸಿಟ್ಟು ಬಂತಾ?’ ‘ಏನನ್ನಿಸ್ತು’ ಅನ್ನುವಲ್ಲಿಗೆ ಬಾಯಿ ಮುಚ್ಚಿದ್ದರೆ ಅದು ಒಳ್ಳೆಯ ಪ್ರಶ್ನೆಯೇ ಆಗಿತ್ತು. ಇನ್ನೊಂದು, ‘ಯಾಕೆ’. ‘ಯಾಕೆ ಅವರಿಗೆ ಹೇಳ್ಲಿಲ್ಲ?’ ಅಂದಾಗ ಎದುರಿನವರು ಕಾರಣ ಒದಗಿಸಲು, ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. ‘ಹೇಳೋಣ ಅನ್ಕೊಂಡಾಗ ಏನಾಗ್ತಿತ್ತು?’ ಅಂದರೆ ಅದೇ ವಿಷಯ ಬರುತ್ತದೆ, ಕಟಕಟೆ ಇರುವುದಿಲ್ಲ.

ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಅನ್ನುವ (ಬದಲಾವಣೆಯ ಕಾರಣಗಳನ್ನು ಕ್ಲೈಂಟ್ ತಾವೇ ಹೇಳುವಂತೆ ಮಾತಾಡುವ) ವಿಧಾನದ ತರಬೇತಿಯಲ್ಲಿ ಸೆಷನ್ನಿನ ಧ್ವನಿಮುದ್ರಣವನ್ನು ಅಳೆಯುವಾಗ ಒಂದು ಪ್ರಶ್ನೆಗೆ ಒಂದು ರಿಫ್ಲೆಕ್ಷನ್ ಇದ್ದರೆ ಪರವಾಗಿಲ್ಲ, ಎರಡಿದ್ದರೆ ಚೆನ್ನಾಗಿದೆ ಅನ್ನುತ್ತಾರೆ. ಹೊಸಬರಲ್ಲಿ ಇದು ತಿರುಗಾಮುರುಗಾ ಆಗಿರುತ್ತದೆ: ನಾಲ್ಕೈದು ಪ್ರಶ್ನೆ, ಮಧ್ಯೆ ಎಲ್ಲೋ ಒಂದು ರಿಫ್ಲೆಕ್ಷನ್.

ನಿದ್ದೆ, ಊಟ, ಔಷಧಿ ಬೇಡವೇ ಅಂತ ಕೇಳಬಹುದು. ಬೇಕು. ಆದರೆ ಫಾರಂ ತುಂಬುವ ಕೆಲಸವನ್ನು ಮಾತಿನೊಳಗೆ ಬೆರೆಸಬೇಡಿ. ‘ಈಗ ಹತ್ತು ನಿಮಿಷ ಒಂದಷ್ಟು ಪ್ರಶ್ನೆ ಸಾಲಾಗಿ ಕೇಳ್ತೀನಿ, ಚಿಕ್ಕದಾಗಿ ಹೇಳಿದ್ರೆ ಸಾಕು’ ಅಂತ ಹೇಳಿ ಶುರು ಮಾಡಿ, ಮುಗಿದಾಗ ಪೆನ್ನು ಕೆಳಗಿಟ್ಟು ‘ಪ್ರಶ್ನೆ ಮುಗೀತು, ಇನ್ನು ನಿಮ್ಮ ಮಾತು’ ಅನ್ನಿ. ಚಿಕ್ಕ ಉತ್ತರ ಎಲ್ಲಿ ಸಾಕು, ಎಲ್ಲಿ ಸಾಲದು ಅನ್ನುವುದು ಅವರಿಗೆ ಸ್ಪಷ್ಟವಾಗುತ್ತದೆ.

ಪ್ರಶ್ನೆ: ಮೌನ ಬಂದರೆ ಎಷ್ಟು ಸೆಕೆಂಡ್ ತಡೆದುಕೊಳ್ಳಬೇಕು? ನನಗೆ ಎರಡು ಸೆಕೆಂಡಿಗೇ ಬೆವರು ಬರುತ್ತದೆ.

ಉತ್ತರ: ಬೆವರುವುದಕ್ಕೆ ಕಾರಣ ಇದೆ. ದಿನನಿತ್ಯದ ಮಾತಿನಲ್ಲಿ ಒಬ್ಬರು ಮುಗಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಅಂತರ ತೀರಾ ಕಡಿಮೆ. ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸಿನಲ್ಲಿತ್ತು. ಸಂಭಾಷಣೆಯನ್ನು ಅಕ್ಷರಕ್ಕಿಳಿಸುವ ಕ್ರಮ ರೂಪಿಸಿದ ಗೇಲ್ ಜೆಫರ್ಸನ್, ಸಾಮಾನ್ಯ ಮಾತಿನಲ್ಲಿ ಜನ ಸುಮಾರು ಒಂದು ಸೆಕೆಂಡಿಗಿಂತ ಹೆಚ್ಚು ಮೌನವನ್ನು ಬಿಡದೆ ತುಂಬಿಬಿಡುತ್ತಾರೆ ಅಂತ 1989ರಲ್ಲಿ ತೋರಿಸಿದರು. ಹಾಗಾಗಿ ನಾಲ್ಕು ಸೆಕೆಂಡ್ ಅಂದರೆ ನಿಮ್ಮ ಕಿವಿಗೆ ನಾಲ್ಕು ನಿಮಿಷ. ಕ್ಲೈಂಟ್‌ಗೆ ಹಾಗೇ ಇರಬೇಕೆಂದಿಲ್ಲ, ಅವರು ಒಳಗೆ ಏನನ್ನೋ ಹುಡುಕುತ್ತಿರುತ್ತಾರೆ.

ಗಡಿಯಾರಕ್ಕಿಂತ ಕಣ್ಣು ನೋಡಿ. ನೋಟ ನೆಲದ ಮೇಲೋ ಕಿಟಕಿಯ ಮೇಲೋ ಇದ್ದು, ಉಸಿರು ಅಥವಾ ತುಟಿ ಅಲುಗುತ್ತಿದ್ದರೆ ಕೆಲಸ ನಡೆದಿದೆ. ಎಂಟು ಹತ್ತು ಸೆಕೆಂಡ್ ಆದರೂ ಬಿಡಿ. ಮುಖ ಎತ್ತಿ ನಿಮ್ಮನ್ನೇ ನೋಡುತ್ತಿದ್ದರೆ, ಸರದಿ ನಿಮ್ಮದು ಅಂತ ಅವರು ಕಾಯುತ್ತಿದ್ದಾರೆ. ಅಲ್ಲಿ ಮೌನ ಎಳೆದರೆ ಶಿಕ್ಷೆಯಂತೆ ಕಾಣುತ್ತದೆ. ಹದಿಹರೆಯದವರ ಜೊತೆ, ತುಂಬ ಅನುಮಾನದಿಂದ ಬಂದವರ ಜೊತೆ, ಮೊದಲ ಸೆಷನ್ನಿನಲ್ಲಿ ಉದ್ದದ ಮೌನ ಬೇಡವೇ ಬೇಡ.

ಮುರಿಯುವಾಗ ಹೊಸ ವಿಷಯ ತರಬೇಡಿ. ‘ಏನೋ ನೆನಪಾಯ್ತು ಅನ್ಸತ್ತೆ’ ಅಥವಾ ‘ಇದನ್ನ ಹೇಳೋದು ಸುಲಭ ಅಲ್ಲ’ ಸಾಕು. ಇನ್ನು, ಪ್ರಶ್ನೆ ಕೇಳಿ ಉತ್ತರ ತಡವಾದಾಗ ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳುವ ಚಟವೊಂದಿದೆ. ಧ್ವನಿಮುದ್ರಣ ಕೇಳಿದಾಗ ಅದು ಎದ್ದು ಕಾಣುತ್ತದೆ: ಕ್ಲೈಂಟ್ ಬಾಯಿ ತೆರೆಯುವ ಹೊತ್ತಿಗೆ ಟ್ರೈನಿಯ ಎರಡನೇ ಪ್ರಶ್ನೆ ಬಂದು ಕೂತಿರುತ್ತದೆ, ಉತ್ತರ ಬರುವುದು ಆ ಎರಡನೆಯದಕ್ಕೆ, ಸಾಮಾನ್ಯವಾಗಿ ಸುಲಭದ್ದಕ್ಕೆ.

ಪ್ರಶ್ನೆ: ನಾನು ಕ್ಲೈಂಟ್. ನನ್ನ ಆಪ್ತಸಮಾಲೋಚಕರು ಇನ್ನೂ ಕಲಿಯುತ್ತಿರುವವರು. ನಾನು ಹೇಳಿದ್ದನ್ನೇ ಗಿಣಿಯ ಹಾಗೆ ತಿರುಗಿ ಹೇಳುತ್ತಾರೆ. ಹೇಳಿದರೆ ನೊಂದುಕೊಂಡಾರು ಅಂತ ಸುಮ್ಮನಿದ್ದೇನೆ.

ಉತ್ತರ: ಹೇಳಿ. ‘ನೀವು ನನ್ನ ಮಾತನ್ನೇ ತಿರುಗಿ ಹೇಳಿದಾಗ ನನಗೆ ಮುಂದೆ ಏನು ಹೇಳ್ಬೇಕು ಗೊತ್ತಾಗಲ್ಲ’ ಅಂದರೆ ಸಾಕು. ಅದು ದೂರಲ್ಲ, ಅವರಿಗೆ ಆ ವಾರದ ಅತಿ ಉಪಯುಕ್ತ ಮಾಹಿತಿ.

ನಿಮ್ಮ ಹಾಗೆ ಸುಮ್ಮನಿರುವವರು ಬಹಳ. ಕೆನಡಾದ ಮನಶ್ಶಾಸ್ತ್ರಜ್ಞ ಡೇವಿಡ್ ರೆನ್ನಿ ಕ್ಲೈಂಟ್‌ಗಳಿಗೆ ಅವರದೇ ಸೆಷನ್ನಿನ ಮುದ್ರಣ ಕೇಳಿಸಿ, ಆ ಕ್ಷಣದಲ್ಲಿ ಮನಸ್ಸಿನಲ್ಲಿ ಏನಿತ್ತು ಅಂತ ವಿಚಾರಿಸಿ, 1994ರಲ್ಲಿ ಬರೆದ ಲೇಖನದಲ್ಲಿ ಇದನ್ನೇ ವಿವರಿಸಿದ್ದಾರೆ: ಒಪ್ಪಿಗೆಯಿಲ್ಲದಿದ್ದರೂ ಕ್ಲೈಂಟ್‌ಗಳು ಎದುರಿನವರ ಮಾನಕ್ಕೆ, ಸಂಬಂಧ ಕೆಡದಿರಲೆಂದು, ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಇದನ್ನು ಓದುತ್ತಿರುವ ಟ್ರೈನಿಗಳಿಗೂ ಒಂದು ಮಾತು. ಒಪ್ಪಿಗೆಯಲ್ಲೂ ಎರಡು ಬಗೆ ಇದೆ. ನಿಮ್ಮ ಮಾತು ತಾಗಿದ್ದರೆ ‘ಹೌದು’ ಆದ ಮೇಲೆ ಏನಾದರೊಂದು ಹೊಸದು ಬರುತ್ತದೆ: ‘ಹೌದು, ಅದೂ ಅಲ್ದೆ...’ ತಾಗದಿದ್ದರೆ ‘ಹ್ಞಾಂ, ಹೌದು ಮೇಡಂ, ನೀವು ಹೇಳೋದು ಸರಿ’ ಅಂತ ಬೇಗ ಬಂದು ಅಲ್ಲೇ ನಿಲ್ಲುತ್ತದೆ. ಎರಡನೆಯದು ಬಂದಾಗ ‘ಪೂರ್ತಿ ಸರಿಹೊಂದಲಿಲ್ಲವೇನೋ, ನೀವು ತಿದ್ದಿ’ ಅನ್ನಿ. ಮೊದಲ ಸೆಷನ್ನಿನಲ್ಲೇ ಒಮ್ಮೆ ತಿದ್ದಿದ ಕ್ಲೈಂಟ್ ಮುಂದೆಯೂ ತಿದ್ದುತ್ತಾರೆ.

ಗಿಣಿಪಾಠ ಆಗುವುದು ಪೂರ್ತಿ ವಾಕ್ಯವನ್ನು ತಿರುಗಿಸಿದಾಗ. ಒಂದೇ ಪದ ಎತ್ತಿಕೊಳ್ಳಿ, ಇಲ್ಲವೇ ಅವರು ಹೇಳದೆ ಬಿಟ್ಟ ಅರ್ಧವನ್ನು ಹೇಳಿ. ‘ಅಣ್ಣ ಫೋನ್ ಮಾಡಿದ್ರೆ ಎತ್ತಲ್ಲ’ ಅಂದವರಿಗೆ ‘ಫೋನ್ ಎತ್ತಲ್ಲ’ ಅನ್ನುವುದಕ್ಕಿಂತ ‘ಎತ್ತಿದ್ರೆ ಏನೋ ಕೇಳ್ಬೇಕಾಗತ್ತೆ’ ಅನ್ನುವುದು ಒಂದು ಹೆಜ್ಜೆ ಮುಂದೆ. ತಪ್ಪಾದರೆ ಅವರೇ ‘ಅಯ್ಯೋ ಅದಲ್ಲ’ ಅಂತ ಸರಿಯಾದದ್ದು ಹೇಳುತ್ತಾರೆ, ನಷ್ಟವೇನಿಲ್ಲ. ರಿಫ್ಲೆಕ್ಷನ್ ವಿಧಾನಕ್ಕೆ ಹೆಸರಾದ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್‌ಗೇ ಈ ಗಿಣಿಪಾಠ ಕಂಡರೆ ಆಗುತ್ತಿರಲಿಲ್ಲ. ತಾನು ಮಾಡುತ್ತಿರುವುದು ‘ನನಗೆ ಅರ್ಥವಾದದ್ದು ಸರಿಯೇ’ ಅಂತ ಪರೀಕ್ಷಿಸಿಕೊಳ್ಳುವ ಕೆಲಸ ಅಂತ 1986ರಲ್ಲೂ ಬರೆದು ಸ್ಪಷ್ಟಪಡಿಸಬೇಕಾಗಿ ಬಂತು.

ಪ್ರಶ್ನೆ: ‘ನನಗೆ ಅರ್ಥ ಆಗತ್ತೆ’ ಅನ್ನಬಾರದಂತೆ, ಹೌದೇ?

ಉತ್ತರ: ನಿಷೇಧವೇನಿಲ್ಲ. ಆದರೆ ಆ ಮಾತಿನಲ್ಲಿ ಅರ್ಥವಾದದ್ದೇನು ಅನ್ನುವುದೇ ಇಲ್ಲ. ಅರ್ಥವಾದದ್ದನ್ನು ಹೇಳಿದರೆ ಆ ವಾಕ್ಯ ಬೇಕಾಗುವುದಿಲ್ಲ.

ಪ್ರಶ್ನೆ: ‘ಆಗ ನೀವು ಸಿಟ್ಟು ಮಾಡಿಕೊಂಡ್ರಿ’ ಅಂದಿದ್ದಕ್ಕೆ, ನನ್ನ ಸೆಷನ್ನುಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್ ಕೆಂಪು ಗೆರೆ ಹಾಕಿದರು. ಕ್ಲೈಂಟ್ ಹೇಳಿದ್ದೂ ಸಿಟ್ಟಿನ ಬಗ್ಗೆಯೇ. ತಪ್ಪೇನು?

ಉತ್ತರ: ಕ್ಲೈಂಟ್ ಬಹುಶಃ ‘ನನಗೆ ಸಿಟ್ಟು ಬಂತು’ ಅಂದಿರಬೇಕು. ಕನ್ನಡದಲ್ಲಿ ಭಾವನೆ ನಮಗೆ ‘ಬರುತ್ತದೆ’, ‘ಆಗುತ್ತದೆ’. ನಾವು ಅದರ ಕರ್ತೃಗಳಲ್ಲ. ‘ಸಿಟ್ಟು ಮಾಡಿಕೊಂಡ್ರಿ’ ಅಂದ ಕೂಡಲೇ ಅದು ಅವರು ಬೇಕೆಂದೇ ಮಾಡಿದ ಕೆಲಸವಾಗುತ್ತದೆ, ತಪ್ಪಿನ ವಾಸನೆಯೂ ಬರುತ್ತದೆ. ಮುಂದಿನ ಮಾತು ‘ಇಲ್ಲ ಇಲ್ಲ, ನಾನೇನು ಸುಮ್ಮಸುಮ್ಮನೆ...’ ಅಂತ ಸಮರ್ಥನೆಗೆ ತಿರುಗಿದ್ದರೆ ಆಶ್ಚರ್ಯವಿಲ್ಲ. ಮೊದಲ ಎರಡು ಮೂರು ಸೆಷನ್ನಿನಲ್ಲಿ ಅವರ ಕ್ರಿಯಾಪದವನ್ನು ಅವರು ಇಟ್ಟ ಹಾಗೇ ಇಡಿ. ಅವರೇ ಒಂದು ದಿನ ‘ನಾನೇ ಸಿಟ್ಟು ಮಾಡ್ಕೋತೀನಿ ಅನ್ಸತ್ತೆ’ ಅಂದರೆ ಅದು ದೊಡ್ಡ ಬದಲಾವಣೆ, ಆಗ ಗಮನಿಸಿ ಹೇಳಿ.

ಹಾಗೆಯೇ ಕ್ಲೈಂಟ್ ‘ನನಗೆ’ ಬಿಟ್ಟು ‘ಯಾರಿಗಾದ್ರೂ ಬೇಜಾರಾಗತ್ತೆ ಅಲ್ವಾ’, ‘ಮನುಷ್ಯ ಅಂದ್ಮೇಲೆ...’ ಅಂತ ಸಾಮಾನ್ಯದ ಮಾತಿಗೆ ಹಾರುವ ಜಾಗಗಳನ್ನೂ ಗುರುತು ಮಾಡಿಕೊಳ್ಳಿ. ಹೆಚ್ಚಾಗಿ ಅದು ನೋಯುವ ಜಾಗ. ‘ಯಾರಿಗಾದ್ರೂ ಆಗತ್ತೆ. ನಿಮಗೂ ಆಯ್ತು’ ಅಂತ ಮೆಲ್ಲಗೆ ಕರೆದು ತನ್ನಿ. ಬರದಿದ್ದರೆ ಎಳೆಯಬೇಡಿ.

‘ಒಂಥರಾ ಆಗತ್ತೆ’, ‘ಹೇಗ್ಹೇಗೋ ಆಗತ್ತೆ’ ಇನ್ನೊಂದು ಬಗೆ. ಟ್ರೈನಿಗಳು ಅದಕ್ಕೆ ತಕ್ಷಣ ‘ಆತಂಕ’ ಅಂತ ಪುಸ್ತಕದ ಹೆಸರಿಟ್ಟುಬಿಡುತ್ತಾರೆ, ಕ್ಲೈಂಟ್ ವಿನಯದಿಂದ ಒಪ್ಪಿಕೊಳ್ಳುತ್ತಾರೆ, ಮುಂದೆ ಆರು ವಾರ ಇಬ್ಬರೂ ಆ ಪದವನ್ನು ಬಳಸುತ್ತಾ ಬೇರೆ ಬೇರೆ ವಿಷಯ ಮಾತಾಡುತ್ತಾರೆ. ‘ಆ ಒಂಥರಾ ಎಲ್ಲಿ ಗೊತ್ತಾಗತ್ತೆ? ಎದೇಲಾ, ಹೊಟ್ಟೇಲಾ?’ ಅನ್ನಿ. ಇಲ್ಲಿ ಆಯ್ಕೆ ಕೊಟ್ಟರೂ ಪರವಾಗಿಲ್ಲ. ದೇಹದ ವಿಷಯದಲ್ಲಿ ಜನ ‘ಅಲ್ಲ, ಇಲ್ಲಿ’ ಅಂತ ಸಲೀಸಾಗಿ ತಿದ್ದುತ್ತಾರೆ.

ಪ್ರಶ್ನೆ: ಶುರುವಿನಲ್ಲಿ ಗೌಪ್ಯತೆ, ಸಮಯ, ರೆಕಾರ್ಡಿಂಗ್ ಬಗ್ಗೆ ಎಲ್ಲ ಹೇಳಬೇಕಲ್ಲ, ಅದು ಭಾಷಣವಾಗಿಬಿಡುತ್ತದೆ.

ಉತ್ತರ: ಎರಡು ನಿಮಿಷದ ಒಳಗೆ, ಆಡುಮಾತಿನಲ್ಲಿ ಮುಗಿಯಬೇಕು. ‘ತಾವು ಹಂಚಿಕೊಂಡ ಮಾಹಿತಿಯ ಗೌಪ್ಯತೆಯನ್ನು ಕಾಪಾಡಲಾಗುವುದು’ ಅನ್ನುವ ಸುತ್ತೋಲೆಯ ಕನ್ನಡ ಬೇಡ. ಹೀಗೆ ಹೇಳಬಹುದು:

‘ನಾನು ಇಲ್ಲಿ ತರಬೇತಿಯಲ್ಲಿದೀನಿ. ನನ್ನ ಕೆಲಸ ನೋಡೋಕೆ ಒಬ್ರು ಹಿರಿಯ ಆಪ್ತಸಮಾಲೋಚಕರು ಇದಾರೆ, ಅವರ ಹತ್ರ ಮಾತ್ರ ಇಲ್ಲಿನ ವಿಷಯ ಚರ್ಚೆ ಮಾಡ್ತೀನಿ. ಅದು ಬಿಟ್ರೆ ನೀವು ಹೇಳಿದ್ದು ಹೊರಗೆ ಹೋಗಲ್ಲ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನ್ಸಿದ್ರೆ, ಯಾವುದಾದ್ರೂ ಮಗುವಿಗೆ ಹಿಂಸೆ ಆಗ್ತಿದೆ ಅಂತ ಗೊತ್ತಾದ್ರೆ ಮಾತ್ರ ಬೇರೆಯವರಿಗೆ ಹೇಳಲೇಬೇಕಾಗತ್ತೆ. ಆಗ್ಲೂ ಆದಷ್ಟು ಮೊದ್ಲು ನಿಮಗೇ ಹೇಳ್ತೀನಿ. ನಮಗೆ ಇವತ್ತು 50 ನಿಮಿಷ ಇದೆ.’

ನ್ಯಾಯಾಲಯ ಕೇಳಿದರೆ ಏನು, ಅಪ್ರಾಪ್ತರಾದರೆ ಪೋಷಕರಿಗೆ ಎಷ್ಟು ಹೇಳಬೇಕು ಅನ್ನುವುದು ನೀವಿರುವ ಕಡೆಯ ಕಾನೂನಿಗೆ, ಸಂಸ್ಥೆಯ ನಿಯಮಕ್ಕೆ ಬಿಟ್ಟದ್ದು. ಮೊದಲ ಕ್ಲೈಂಟ್‌ಗಿಂತ ಮುಂಚೆ ಸೂಪರ್‌ವೈಸರ್ ಹತ್ತಿರ ಕೂತು ನಿಮ್ಮ ಎರಡು ನಿಮಿಷವನ್ನು ತಿದ್ದಿಸಿಕೊಳ್ಳಿ. ಮುಗಿಸಿದ ಮೇಲೆ ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ‘ಆಯ್ತು’ ಅನ್ನುತ್ತಾರೆ. ‘ಇದ್ರಲ್ಲಿ ಯಾವುದಾದ್ರೂ ಯೋಚನೆಗೆ ಹಚ್ತಾ?’ ಅಂತ ಕೇಳಿ.

ರೆಕಾರ್ಡಿಂಗ್‌ಗೆ ಬರಹದ ಒಪ್ಪಿಗೆ ಬೇರೆಯೇ ಬೇಕು. ಯಾರು ಕೇಳುತ್ತಾರೆ, ಎಷ್ಟು ದಿನ ಇಟ್ಟು ಅಳಿಸುತ್ತಾರೆ, ಬೇಡ ಅಂದರೂ ಸೆಷನ್ ನಡೆಯುತ್ತದೆಯೇ, ಮೂರನ್ನೂ ಹೇಳಿ. ‘ಟ್ರೈನಿ’ ಅನ್ನುವುದನ್ನು ನುಂಗಬೇಡಿ. ಮೂರನೇ ವಾರ ಬೇರೆಯವರಿಂದ ಗೊತ್ತಾದರೆ ಅದುವರೆಗಿನ ಮಾತೆಲ್ಲ ಅನುಮಾನಕ್ಕೆ ಬೀಳುತ್ತದೆ.

ಪ್ರಶ್ನೆ: ಕ್ಲೈಂಟ್ ಪದೇ ಪದೇ ‘ನೀವೇ ಹೇಳಿ, ನಾನೇನು ಮಾಡ್ಲಿ?’ ಅನ್ನುತ್ತಾರೆ. ಸಲಹೆ ಕೊಟ್ಟರೆ ‘ಅದು ಮಾಡಿ ನೋಡಿದೆ, ಆದ್ರೆ...’ ಅನ್ನುತ್ತಾರೆ. ಒಮ್ಮೆ ‘ನಿಮಗೆ ಮದುವೆ ಆಗಿದ್ಯಾ?’ ಅಂತಲೂ ಕೇಳಿದರು.

ಉತ್ತರ: ‘ಆದ್ರೆ’ಗಳನ್ನು ಎಣಿಸಿ. ಎರಡನೆಯದಕ್ಕೇ ಸಲಹೆ ನಿಲ್ಲಿಸಿ, ಮೂರನೆಯದರ ತನಕ ಹೋದರೆ ಅದು ಜಗ್ಗಾಟ. ಯಾರದಾದರೂ ಕಷ್ಟ ಕೇಳಿದ ಕೂಡಲೇ ಸರಿಮಾಡಿಬಿಡೋಣ ಅನ್ನಿಸುವುದು ಸಹಜ. ಆದರೆ ನೀವು ಬದಲಾವಣೆಯ ಪರ ವಾದ ಮಾಡಿದಷ್ಟೂ, ಮನಸ್ಸು ಎರಡಾಗಿರುವ ಕ್ಲೈಂಟ್ ಇನ್ನೊಂದು ಪಕ್ಷದ ವಕೀಲರಾಗುತ್ತಾರೆ. ವಿಲಿಯಂ ಮಿಲ್ಲರ್, ಸ್ಟೀಫನ್ ರಾಲ್ನಿಕ್ ಮದ್ಯವ್ಯಸನಿಗಳ ಜೊತೆಗಿನ ಕೆಲಸದಿಂದ ಕಟ್ಟಿದ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ವಿಧಾನವೆಲ್ಲ ನಿಂತಿರುವುದು ಈ ಗಮನಿಕೆಯ ಮೇಲೆ.

ಹಾಗಂತ ‘ನಾವು ಸಲಹೆ ಕೊಡಲ್ಲ’ ಅಂತ ನಿಯಮ ಓದಿ ಹೇಳುವುದು ಬಾಗಿಲು ಹಾಕಿದ ಹಾಗೆ. ಅಷ್ಟು ಕಷ್ಟಪಟ್ಟು ಬಂದವರಿಗೆ ಅದು ಕೋಪ ತರಿಸಿದರೆ ತಪ್ಪು ಅವರದಲ್ಲ. ಮೊದಲು ಕೇಳುವಿಕೆಯ ಹಿಂದಿನ ಒತ್ತಡಕ್ಕೆ ಮಾತು ಕೊಡಿ: ‘ಯೋಚಿಸಿ ಯೋಚಿಸಿ ಸಾಕಾಗಿದೆ, ಯಾರಾದ್ರೂ ಹೇಳ್ಬಿಟ್ರೆ ಸಾಕು ಅನ್ಸತ್ತೆ.’ ಆಮೇಲೆ ‘ಇಷ್ಟರವರೆಗೆ ಏನೇನು ಮಾಡಿ ನೋಡಿದ್ರಿ? ಯಾವುದು ಸ್ವಲ್ಪನಾದ್ರೂ ನಡೀತು?’ ನಿಮಗೆ ಖಚಿತವಾಗಿ ಗೊತ್ತಿರುವ ಮಾಹಿತಿ ಇದ್ದರೆ ಅನುಮತಿ ಕೇಳಿ, ಒಂದೇ ಸಂಗತಿ ಹೇಳಿ, ‘ಇದು ನಿಮಗೆ ಹೊಂದತ್ತಾ ಹೇಗೆ?’ ಅಂತ ಮಾತನ್ನು ವಾಪಸ್ ಕೊಡಿ. ಕೇಳು, ಹೇಳು, ಮತ್ತೆ ಕೇಳು: ಈ ಕ್ರಮದಲ್ಲಿ ಹೊಸಬರು ಬಿಡುವುದು ಕೊನೆಯದನ್ನು.

ಮದುವೆಯ ಪ್ರಶ್ನೆಗೆ ಬೆಚ್ಚಬೇಡಿ. ‘ನಿಮಗೆ ಯಾಕೆ ಹಾಗನ್ನಿಸ್ತು?’ ಅಂತ ತಕ್ಷಣ ತಿರುಗಿಸುವುದು ಕುಯುಕ್ತಿಯಂತೆ ಕೇಳಿಸುತ್ತದೆ. ಹೇಳಲು ಅಡ್ಡಿಯಿಲ್ಲದಿದ್ದರೆ ಒಂದು ಪದದ ಉತ್ತರ ಕೊಡಿ, ಅಡ್ಡಿಯಿದ್ದರೆ ಹೇಳುವುದಿಲ್ಲ ಅಂತ ನೇರವಾಗಿ ಹೇಳಿ. ಎರಡರಲ್ಲೂ ಮುಂದಿನ ಮಾತು ಒಂದೇ: ‘ನಿಮ್ಮ ಕಷ್ಟ ಇವರಿಗೆ ತಿಳಿಯತ್ತೋ ಇಲ್ವೋ ಅನ್ನೋ ಯೋಚನೆ ಇರಬಹುದು.’ ಹೆಚ್ಚಿನ ಸಲ ಇರುವುದು ಅದೇ.

ಪ್ರಶ್ನೆ: ನಲವತ್ತೈದು ನಿಮಿಷ ಆಫೀಸಿನ ವಿಷಯ ಮಾತಾಡಿ, ಎದ್ದು ನಿಲ್ಲುವಾಗ ಕ್ಲೈಂಟ್ ‘ಕೆಲವು ಸಲ ಇದೆಲ್ಲ ಮುಗಿದುಹೋದ್ರೆ ಸಾಕು ಅನ್ಸತ್ತೆ’ ಅಂದರು. ನಾನು ‘ಹಾಗೆಲ್ಲ ಯೋಚಿಸಬೇಡಿ’ ಅಂದೆ.

ಉತ್ತರ: ಈ ಮಾತು ಬಂದ ಮೇಲೆ 50 ನಿಮಿಷದ ಲೆಕ್ಕ ಇಲ್ಲ. ಕೂತುಕೊಳ್ಳಿ, ಅವರನ್ನೂ ಕೂರಿಸಿ.

‘ಹಾಗೆಲ್ಲ ಯೋಚಿಸಬೇಡಿ’ ಅಂದರೆ ‘ಅದನ್ನು ಇಲ್ಲಿ ಹೇಳಬೇಡಿ’ ಅಂತಲೇ ಕೇಳಿಸುತ್ತದೆ. ಇನ್ನೂ ಸಾಮಾನ್ಯವಾದ ತಪ್ಪು ‘ಅಂಥ ಯೋಚನೆ ಏನೂ ಇಲ್ಲ ತಾನೇ?’ ಆ ‘ತಾನೇ’ ‘ಇಲ್ಲ’ ಅನ್ನುವ ಉತ್ತರವನ್ನು ಬೇಡಿ ತೆಗೆದುಕೊಳ್ಳುತ್ತದೆ. ಕ್ಲೈಂಟ್ ಅದನ್ನು ಕೊಡುತ್ತಾರೆ, ನಿಮಗೆ ನಿರಾಳ, ಅವರು ಒಂಟಿ. ನೇರವಾಗಿ, ಮೆಲುದನಿಯಲ್ಲಿ ಕೇಳಿ: ‘ಮುಗಿದುಹೋದ್ರೆ ಸಾಕು ಅಂದ್ರಿ. ಸಾಯಬೇಕು ಅನ್ನೋ ಯೋಚನೆ ಬರ್ತಿದ್ಯಾ?’ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಈ ಬಗ್ಗೆ ನಡೆದ ಅಧ್ಯಯನಗಳು ಅದನ್ನೇ ಹೇಳುತ್ತವೆ. ‘ಬರ್ತಿದೆ’ ಅಂದರೆ: ಎಷ್ಟು ಸಲ, ಕಡೆಯ ಸಲ ಯಾವಾಗ, ಹೇಗೆ ಅಂತ ಯೋಚಿಸಿದ್ದಾರೆಯೇ, ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯೇ, ಹಿಂದೆ ಪ್ರಯತ್ನ ಆಗಿದೆಯೇ, ಇಂದು ರಾತ್ರಿ ಜೊತೆಗೆ ಯಾರಿರುತ್ತಾರೆ. ‘ಇಲ್ಲ’ ಅಂದರೂ ಆ ಮಾತಿನ ಅರ್ಥವೇನಿತ್ತು ಅಂತ ಕೇಳದೆ ಬಿಡಬೇಡಿ. ಎರಡರಲ್ಲೂ ಕ್ಲೈಂಟ್ ಹೊರಡುವ ಮೊದಲೇ ಸೂಪರ್‌ವೈಸರ್‌ಗೆ ತಿಳಿಸಬೇಕು. ‘ನಾನು ಒಬ್ಬರನ್ನ ಕರೀತೀನಿ, ನೀವು ಹೇಳಿದ್ದು ಮುಖ್ಯ ಅಂತ’ ಅಂದು ಕರೆಯಿರಿ. ಒಬ್ಬರೇ ನಿರ್ಧರಿಸುವ ಹಕ್ಕು ಟ್ರೈನಿಗೆ ಇಲ್ಲ, ಆ ಹೊರೆಯೂ ಇಲ್ಲ. ನೀವು ಆ ದಿನವೇ ಸೂಪರ್‌ವೈಸರ್‌ಗೆ ಹೇಳಿರದಿದ್ದರೆ ಈ ಪುಟ ಮಡಚಿಟ್ಟು ಈಗಲೇ ಫೋನ್ ಮಾಡಿ.

ಅಷ್ಟು ಗಂಭೀರವಲ್ಲದ ಬಾಗಿಲ ಬಳಿಯ ಮಾತುಗಳಿಗೆ ಬೇರೆ ಉಪಾಯ. ಹತ್ತು ನಿಮಿಷ ಇರುವಾಗಲೇ ‘ಇನ್ನು ಹತ್ತು ನಿಮಿಷ ಇದೆ. ಇವತ್ತು ಹೇಳ್ಬೇಕು ಅನ್ಕೊಂಡು ಇನ್ನೂ ಹೇಳದೇ ಇರೋದು ಏನಾದ್ರೂ ಇದ್ಯಾ?’ ಅಂತ ಕೇಳಿ. ಆದರೂ ಬಾಗಿಲಲ್ಲೇ ಬಂದರೆ, ‘ಇದು ದೊಡ್ಡ ವಿಷಯ, ಎರಡು ನಿಮಿಷದಲ್ಲಿ ಮುಟ್ಟೋದು ಬೇಡ. ಮುಂದಿನ ವಾರ ಇಲ್ಲಿಂದಲೇ ಶುರು ಮಾಡೋಣ್ವಾ?’ ಅನ್ನಿ, ಮತ್ತು ಮುಂದಿನ ವಾರ ನಿಜಕ್ಕೂ ಅದನ್ನು ನೀವೇ ಎತ್ತಿ.

ಪ್ರಶ್ನೆ: ಎರಡನೇ ಸೆಷನ್ ‘ಹೇಗಿದೀರ?’ ಅಂತ ಶುರು ಮಾಡಿದರೆ ‘ಚೆನ್ನಾಗಿದೀನಿ’ ಅಂತಾರೆ, ಮಾತು ನಿಲ್ಲುತ್ತದೆ. ಮೂರನೆಯದಕ್ಕೆ ಕೆಲವರು ಬರುವುದೇ ಇಲ್ಲ.

ಉತ್ತರ: ‘ಹೇಗಿದೀರ’ ದಾರಿಯಲ್ಲಿ ಸಿಕ್ಕವರ ಮಾತು, ಅದಕ್ಕೆ ಉತ್ತರವೂ ದಾರಿಯದ್ದೇ. ‘ಹೋದ ಸಲ ಇಲ್ಲಿಂದ ಹೊರಟ ಮೇಲೆ ಏನೇನು ತಲೇಲಿ ಉಳೀತು?’ ಅಂತ ಶುರು ಮಾಡಿ ನೋಡಿ.

ಅರ್ಧಕ್ಕೇ ಬಿಡುವವರ ಬಗ್ಗೆ: ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸುಮಾರು ಐವರಲ್ಲಿ ಒಬ್ಬರು ಚಿಕಿತ್ಸೆಯನ್ನು ಮಧ್ಯದಲ್ಲೇ ಬಿಡುತ್ತಾರೆ, ಕಲಿಯುತ್ತಿರುವವರ ಕೈಯಲ್ಲಿ ಈ ಪ್ರಮಾಣ ಹೆಚ್ಚು. ಎಲ್ಲ ನಿಮ್ಮ ತಪ್ಪಲ್ಲ. ಆದರೆ ನೋಡಿಕೊಳ್ಳಬೇಕಾದ ಜಾಗವೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಚಿಕಿತ್ಸಕ ಬಾಂಧವ್ಯವನ್ನು (ಕ್ಲೈಂಟ್ ಮತ್ತು ಆಪ್ತಸಮಾಲೋಚಕರ ಸಂಬಂಧವನ್ನು) ಮೂರಾಗಿ ಬಿಡಿಸಿದರು: ಗುರಿಯ ಬಗ್ಗೆ ಒಪ್ಪಂದ, ಅದಕ್ಕಾಗಿ ಇಲ್ಲಿ ಏನು ಮಾಡುತ್ತೇವೆ ಅನ್ನುವುದರ ಬಗ್ಗೆ ಒಪ್ಪಂದ, ಮತ್ತು ಇಬ್ಬರ ನಡುವಿನ ನಂಟು. ಟ್ರೈನಿಗಳು ನಂಟಿನ ಬಗ್ಗೆ ತುಂಬ ತಲೆ ಕೆಡಿಸಿಕೊಳ್ಳುತ್ತಾರೆ, ಎರಡನೆಯದನ್ನು, ಅಂದರೆ ಇಲ್ಲಿ ಏನು ಮಾಡುತ್ತೇವೆ ಅನ್ನುವುದನ್ನು, ಮಾತಾಡುವುದೇ ಇಲ್ಲ. ‘ಬಂದು ಮಾತಾಡಿದ್ರೆ ಏನಾಗತ್ತೆ?’ ಅನ್ನುವ ಪ್ರಶ್ನೆ ಕ್ಲೈಂಟ್ ಮನಸ್ಸಿನಲ್ಲಿ ಮೊದಲ ದಿನದಿಂದ ಇರುತ್ತದೆ. ಮೊದಲ ಸೆಷನ್ನಿನ ಕೊನೆಯ ಐದು ನಿಮಿಷ ಇದಕ್ಕೇ ಇಡಿ: ‘ಇವತ್ತು ನಾವು ಮಾತಾಡಿದ ರೀತಿ ನಿಮಗೆ ಹೊಂದ್ತಾ? ಯಾವುದು ಬೇರೆ ಥರ ಇದ್ರೆ ಚೆನ್ನಾಗಿರ್ತಿತ್ತು?’ ‘ಎಲ್ಲ ಚೆನ್ನಾಗಿತ್ತು’ ಅಂದರೆ ‘ಒಂದು ಸಣ್ಣದು?’ ಅಂತ ಇನ್ನೊಮ್ಮೆ ಕೇಳಿ. ಎರಡನೇ ಸಲಕ್ಕೆ ಏನಾದರೂ ಸಿಗುವುದುಂಟು.

ಪ್ರಶ್ನೆ: ಹದಿನಾರು ವರ್ಷದ ಹುಡುಗನಿಗೆ ‘ನೀನು’ ಅನ್ನಲೇ, ‘ನೀವು’ ಅನ್ನಲೇ?

ಉತ್ತರ: ಅವನನ್ನೇ ಕೇಳಿ. ಕೇಳಿದ್ದೇ ಅವನಿಗೆ ಹೊಸದಾಗಿರುತ್ತದೆ.

ಪ್ರಶ್ನೆ: ನನ್ನ ಸೆಷನ್ ರೆಕಾರ್ಡಿಂಗ್ ಕೇಳುವುದಕ್ಕೇ ನಾಚಿಕೆ. ಕೇಳಿದರೂ ಏನು ನೋಡಬೇಕು ತಿಳಿಯುವುದಿಲ್ಲ.

ಉತ್ತರ: ಪೂರ್ತಿ ಕೇಳಬೇಡಿ. ಹತ್ತು ನಿಮಿಷ ಆರಿಸಿ, ಆದಷ್ಟು ಸೆಷನ್ನಿನ ನಡುವಿನದು, ಅಕ್ಷರಕ್ಕಿಳಿಸಿ. ಹತ್ತು ನಿಮಿಷಕ್ಕೆ ಒಂದು ಗಂಟೆಯ ಮೇಲೆಯೇ ಹಿಡಿಯುತ್ತದೆ, ಗಾಬರಿಯಾಗಬೇಡಿ. ಹೆಸರು, ಊರು ತೆಗೆದುಬಿಡಿ. ‘ಹ್ಞೂಂ’, ‘ಅಂ...’, ಅರ್ಧಕ್ಕೆ ನಿಂತ ವಾಕ್ಯ, ಮೌನದ ಸೆಕೆಂಡ್, ಒಬ್ಬರ ಮೇಲೊಬ್ಬರು ಮಾತಾಡಿದ್ದು ಎಲ್ಲವನ್ನೂ ಇದ್ದ ಹಾಗೇ ಬರೆಯಿರಿ. ನೆನಪಿನಿಂದ ಬರೆದ ವರದಿಯಲ್ಲಿ ಇವೇ ಮಾಯವಾಗುವುದು. ರೋಜರ್ಸ್ ಅಮೆರಿಕದ ಓಹಾಯೋದಲ್ಲಿ ಸೆಷನ್ನುಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸಿ, 1942ರಲ್ಲಿ ಒಂದು ಪ್ರಕರಣದ ಮಾತನ್ನು ಪೂರ್ತಿ ಅಚ್ಚು ಹಾಕಿಸಿದ್ದು ಇದೇ ಕಾರಣಕ್ಕೆ.

ಬರೆದ ಮೇಲೆ ನಿಮ್ಮ ಪ್ರತಿ ಮಾತಿನ ಪಕ್ಕ ಪ್ರಶ್ನೆಯೋ, ರಿಫ್ಲೆಕ್ಷನ್ನೋ, ಸಲಹೆಯೋ, ಬರೀ ‘ಹ್ಞೂಂ’ ಆಗಿತ್ತೋ ಅಂತ ಒಂದು ಅಕ್ಷರ ಹಾಕಿ. ಕ್ಲೈಂಟ್‌ನ ಪ್ರತಿ ಮಾತಿನ ಪಕ್ಕ ಪದಗಳ ಎಣಿಕೆ ಹಾಕಿ. ಈಗ ಎಣಿಕೆ ದಿಢೀರನೆ ಇಳಿದ ಮೂರು ಜಾಗ ಹುಡುಕಿ, ಅದರ ಹಿಂದಿನ ನಿಮ್ಮ ಮಾತಿಗೆ ಬದಲಿ ಬರೆಯಿರಿ. ಸೂಪರ್‌ವೈಸರ್ ಹತ್ತಿರ ಆ ಮೂರನ್ನು ಮಾತ್ರ ತೆಗೆದುಕೊಂಡು ಹೋಗಿ. ‘ಹ್ಞೂಂ’ಗಳನ್ನೂ ಒಮ್ಮೆ ನೋಡಿ: ಕ್ಲೈಂಟ್ ಮಾತಿನ ನಡುವೆ ಬಿದ್ದ ‘ಹ್ಞೂಂ’ ಮುಂದುವರಿಸಿ ಅನ್ನುತ್ತದೆ, ಉಸಿರೆಳೆದು ಗಟ್ಟಿಯಾಗಿ ಅಂದ ‘ಹ್ಞಾಂ, ಸರಿ’ ಆ ವಿಷಯ ಮುಗಿಯಿತು ಅನ್ನುತ್ತದೆ. ಎಷ್ಟೋ ಸಲ ಕ್ಲೈಂಟ್ ಬಾಯಿ ಮುಚ್ಚಿಸಿದ್ದು ಆ ‘ಸರಿ’ಯೇ ಆಗಿರುತ್ತದೆ.

ಪ್ರಶ್ನೆ: ಸೆಷನ್ ನಡೆಯುವಾಗ ನೋಟ್ಸ್ ಬರೆದುಕೊಳ್ಳಬಹುದೇ?

ಉತ್ತರ: ಹೆಸರು, ತಾರೀಖು, ಔಷಧಿಯಂಥವು ಬರೆದುಕೊಳ್ಳಿ, ಹಾಳೆ ಅವರಿಗೆ ಕಾಣುವಂತಿರಲಿ. ಉಳಿದದ್ದನ್ನು ಅವರು ಹೋದ ಹತ್ತು ನಿಮಿಷದೊಳಗೆ. ಕ್ಲೈಂಟ್ ಅಳುವಾಗ ಪೆನ್ನು ಓಡಿದರೆ, ಯಾವ ಮಾತಿಗೆ ಪೆನ್ನು ಓಡುತ್ತದೆ ಅಂತ ಅವರು ಲೆಕ್ಕ ಇಡಲು ಶುರು ಮಾಡುತ್ತಾರೆ.